ನೋವಿನಲ್ಲಿರುವವರ ಹಾಸಿಗೆ ಹೇಗಿರಬೇಕು?

ಶುಕ್ರವಾರದ ದಿನ ಸೂರಃ ಅಲ್‌ಕಹ್‌ಫ್ ಓದುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಅದರ 18ನೆಯ ಸೂಕ್ತದಲ್ಲಿ ಗುಹಾವಾಸಿಗಳ ನಿದ್ರೆಯ ವಿಷಯ ಬರುತ್ತದೆ. ಆ ದೀರ್ಘ ನಿದ್ರೆಯಲ್ಲಿ ಅಲ್ಲಾಹನು ಅವರನ್ನು ಬಲಕ್ಕೂ ಎಡಕ್ಕೂ ಹೊರಳಿಸುತ್ತಿದ್ದನೆಂದು ಅಲ್ಲಿ ತಿಳಿಸಲಾಗಿದೆ. ಮುನ್ನೂರ ಒಂಬತ್ತು ವರ್ಷ ಅನ್ನ ನೀರಿಲ್ಲದೆ ಅವರನ್ನು ಕಾಪಾಡಿದ ಒಡೆಯನಿಗೆ, ಹೊರಳಿಸದೆ ಕಾಪಾಡುವುದು ಕಷ್ಟವಾಗಿತ್ತೇ? ಆದರೂ ಹೊರಳಿಸಿದನು. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ನೆಲವು ಅವರ ದೇಹವನ್ನು ತಿಂದುಬಿಡುತ್ತಿತ್ತು ಎಂದು ವ್ಯಾಖ್ಯಾನಕಾರರು ಇದಕ್ಕೆ ಕಾರಣ ಹೇಳಿದ್ದಾರೆ. ಕಥೆಯ ಅದ್ಭುತವನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಅದರೊಳಗಿರುವ ಈ ಆರೈಕೆಯ ಪಾಠವನ್ನು ಮಾತ್ರ ಓದಿ ಮುಂದೆ ಹೋಗಿಬಿಡುತ್ತೇವೆ.

ಈಗ ನಿಮ್ಮ ಮನೆಯ ಮೂಲೆಯಲ್ಲಿರುವ ಹಾಸಿಗೆಯ ಕಡೆ ನೋಡಿರಿ. ಅಮೀನಗಡ, ಸೂಳೇಬಾವಿ, ಕಮತಗಿ, ಇಳಕಲ್ ಕಡೆಗಳಲ್ಲಿ ಕುಣಿಮಗ್ಗದ ಅಂಚಿಗೆ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಹಗಲೆಲ್ಲ ಬೆನ್ನು ಬಾಗಿಸಿ ನೇಯ್ದವರಿದ್ದಾರೆ. ಹುನಗುಂದದ ಎರೆಹೊಲಗಳಲ್ಲಿ ಬಾಗಿ ಕಳೆ ತೆಗೆದ, ಹತ್ತಿ ಬಿಡಿಸಿದ ತಾಯಂದಿರಿದ್ದಾರೆ. ಐವತ್ತು ದಾಟುವುದರೊಳಗೆ ಟೊಂಕ, ಮೊಣಕಾಲು, ಹೆಗಲು ಇವರ ಮಾತು ಕೇಳುವುದಿಲ್ಲ. ಹಗಲು ಹೇಗೋ ಕಳೆಯುತ್ತದೆ. ಇಶಾ ನಮಾಝಿನಿಂದ ಫಜ್ರ್‌ವರೆಗಿನ ಹೊತ್ತು ಅವರಿಗೆ ಎಷ್ಟು ಉದ್ದವಾಗಿರುತ್ತದೆ ಎಂಬುದು ಪಕ್ಕದಲ್ಲಿ ಗಾಢವಾಗಿ ನಿದ್ರಿಸುವವರಿಗೆ ಗೊತ್ತಾಗುವುದಿಲ್ಲ.

ಇಂಥವರಿಗೆ ಮೆತ್ತನೆಯ ಹಾಸಿಗೆ ಬೇಕೆಂದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, ಬೆನ್ನುನೋವಿಗೆ ಹಲಗೆಯೇ ಮದ್ದು ಎಂಬುದು. ಇನ್ನೊಂದು, ಪ್ರವಾದಿವರ್ಯರೇ(ಸ) ಚಾಪೆಯ ಮೇಲೆ ಮಲಗುತ್ತಿದ್ದರು, ಸಬ್ರ್ ಮಾಡಬೇಕು ಎಂಬುದು. ಎರಡನ್ನೂ ಸ್ವಲ್ಪ ಪರಿಶೀಲಿಸೋಣ.

ಎರಡನೆಯದನ್ನೇ ಮೊದಲು ತೆಗೆದುಕೊಳ್ಳೋಣ. ಪ್ರವಾದಿವರ್ಯರ(ಸ) ಹಾಸಿಗೆ ಖರ್ಜೂರದ ನಾರು ತುಂಬಿದ ಚರ್ಮದ್ದಾಗಿತ್ತೆಂದು ಹ. ಆಯಿಶಾ(ರ) ತಿಳಿಸಿರುವುದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಚಾಪೆಯ ಗುರುತು ಅವರ ಪಕ್ಕೆಯ ಮೇಲೆ ಮೂಡಿದ್ದನ್ನು ಹ. ಅಬ್ದುಲ್ಲಾ ಬಿನ್ ಮಸ್‌ಊದ್(ರ) ಕಂಡಿದ್ದಾರೆ. ಇದರಲ್ಲಿ ಸಂಶಯವಿಲ್ಲ. ಆದರೆ ಆ ಸರಳತೆಯನ್ನು ಅವರು ತಮಗಾಗಿ ಆರಿಸಿಕೊಂಡದ್ದು. ಗಾಯಾಳುಗಳ ವಿಷಯದಲ್ಲಿ ಅವರ ನಡವಳಿಕೆ ಹೇಗಿತ್ತು? ಖಂದಕ್ ಯುದ್ಧದಲ್ಲಿ ಬಾಣ ತಗಲಿದ ಹ. ಸಅದ್ ಬಿನ್ ಮುಆಝ್(ರ)ರಿಗಾಗಿ, ಹತ್ತಿರದಿಂದಲೇ ಭೇಟಿಯಾಗಿ ವಿಚಾರಿಸಲು ಅನುಕೂಲವಾಗಲೆಂದು, ಮಸೀದಿಯಲ್ಲೇ ಡೇರೆ ಹಾಕಿಸಿದರು. ಅದೇ ಸಅದ್(ರ)ರನ್ನು ಬನೂ ಕುರೈಝಾದ ತೀರ್ಪಿಗೆಂದು ಕರೆತಂದಾಗ, ಅವರ ಜನರು ಕತ್ತೆಯ ಬೆನ್ನಿನ ಮೇಲೆ ಚರ್ಮದ ದಿಂಬು ಹಾಸಿ ಕೂರಿಸಿಕೊಂಡು ಬಂದರೆಂದು ಇಬ್ನು ಹಿಶಾಮರ ಸೀರಃ ಗ್ರಂಥದಲ್ಲಿದೆ. ಅವರು ಬಂದೊಡನೆ ಪ್ರವಾದಿವರ್ಯರು(ಸ) ಅಲ್ಲಿದ್ದವರಿಗೆ ಎದ್ದು ಅವರತ್ತ ಹೋಗುವಂತೆ ಆಜ್ಞಾಪಿಸಿದರು. ಇಮಾಮ್ ಅಹ್ಮದರ ವರದಿಯಲ್ಲಿ, ಅವರನ್ನು ಕೆಳಗಿಳಿಸಿಕೊಳ್ಳಲು ಹೇಳಿದರೆಂದೂ ಇದೆ. ನೋವು ತಿನ್ನುತ್ತಿರುವವರು ಸಬ್ರ್ ಮಾಡಿದರೆ ಅದು ಅವರ ಪುಣ್ಯ. ಸೇವೆ ಮಾಡಬೇಕಾದವರು ಅವರಿಗೆ ಸಬ್ರ್ ಬೋಧಿಸಿ ತಾವು ಮಲಗಿದರೆ ಅದನ್ನು ಏನೆಂದು ಕರೆಯಬೇಕೋ ನೀವೇ ಹೇಳಿ.

ಇನ್ನು ಹಲಗೆಯ ಮಾತು. ಬಹಳ ಕಾಲ ವೈದ್ಯರೂ ಹೀಗೆಯೇ ಹೇಳುತ್ತಿದ್ದರು. ಸ್ಪೇನ್ ದೇಶದ ವೈದ್ಯರು ಬಹುಕಾಲದ ಟೊಂಕನೋವಿದ್ದ 313 ಜನರನ್ನು ಎರಡು ಗುಂಪು ಮಾಡಿ, ಕೆಲವರಿಗೆ ಗಟ್ಟಿ ಗಾದಿ, ಉಳಿದವರಿಗೆ ನಡುತರ ಗಟ್ಟಿಯ ಗಾದಿ ಕೊಟ್ಟು 90 ದಿನ ನೋಡಿದರು. ಅದರ ವರದಿ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮಲಗಿದಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಕ್ಕಾಗುವ ಅಡಚಣೆ ಇವೆಲ್ಲವೂ ನಡುತರ ಗಾದಿಯವರಿಗೇ ಹೆಚ್ಚು ಇಳಿದಿದ್ದವು. ಹಾಗೆಂದು ಅತಿ ಮೆತ್ತಗೂ ಒಳ್ಳೆಯದಲ್ಲ. ಜೋತುಬಿದ್ದ ಹೊರಸಿನ ಮೇಲೆ ಮಲಗಿದವರ ಟೊಂಕ ಜೋಳಿಗೆಯಂತೆ ಕೆಳಗಿಳಿದಿರುತ್ತದೆ. ಅಂಥ ಹೊರಸಿನ ಹಗ್ಗವನ್ನಾಗಲಿ ನವಾರವನ್ನಾಗಲಿ ಬಿಗಿ ಮಾಡಿಸುವುದೇ ಮೊದಲ ಚಿಕಿತ್ಸೆ. ಪರೀಕ್ಷೆ ಸುಲಭ. ಅವರು ಅಂಗಾತ ಮಲಗಿದಾಗ ಟೊಂಕದ ಕೆಳಗೆ ನಿಮ್ಮ ಅಂಗೈ ತೂರಿಸಿ ನೋಡಿ. ಕೈ ಸಲೀಸಾಗಿ ಆಚೆ ಹೋಗಿ ಇನ್ನೂ ಜಾಗ ಉಳಿದರೆ ಹಾಸಿಗೆ ಗಟ್ಟಿ. ಟೊಂಕವೇ ಹೂತುಹೋಗಿ ಕೈ ಹೋಗಲಾರದಿದ್ದರೆ ಅತಿ ಮೆತ್ತಗೆ.

ಹೊಸ ಗಾದಿಗೆ ಎಲ್ಲರಲ್ಲೂ ಹಣವಿರುವುದಿಲ್ಲ, ಬೇಕಾಗಿಯೂ ಇಲ್ಲ. ಗಾದಿಯ ವಿದ್ಯೆ ನಮ್ಮವರಲ್ಲೇ ಇದೆ. ಉತ್ತರ ಕರ್ನಾಟಕದ ಪಿಂಜಾರ, ನದಾಫ ಮನೆತನಗಳ ಕಸುಬೇ ಅದು. ನದ್ದಾಫ್ ಎಂಬ ಅರಬಿ ಪದಕ್ಕೆ ಹತ್ತಿ ಹಿಂಜುವವನು ಎಂದೇ ಅರ್ಥ. ಬಿಲ್ಲು ಹೆಗಲಿಗೇರಿಸಿ ಓಣಿ ಓಣಿ ತಿರುಗುವವರು ಈಗ ವಿರಳವಾಗಿ, ಯಂತ್ರದಲ್ಲಿ ಹಿಂಜುವ ಅಂಗಡಿಗಳು ಬಂದಿವೆ. ಹತ್ತಾರು ವರ್ಷ ಮಲಗಿದ ಗಾದಿಯಲ್ಲಿ ಹತ್ತಿ ಗಂಟುಗಟ್ಟಿ ನಡುವೆ ತಗ್ಗು ಬಿದ್ದಿರುತ್ತದೆ. ಅದನ್ನು ಬಿಚ್ಚಿಸಿ, ಹಿಂಜಿಸಿ, ಮತ್ತೆ ಸಮನಾಗಿ ತುಂಬಿಸಿದರೆ ಅದೇ ಹತ್ತಿ ಮತ್ತೆ ಕೆಲಸಕ್ಕೆ ಬರುತ್ತದೆ. ತಗ್ಗು ಬಿದ್ದಲ್ಲಿ ಮತ್ತೊಂದು ಗಾದಿ ಹೇರಿದರೆ ತಗ್ಗು ಹೋಗುವುದಿಲ್ಲ, ಎತ್ತರವಷ್ಟೇ ಹೆಚ್ಚುತ್ತದೆ. ಮೇಲೆ ಹಾಸಲು ನಮ್ಮ ಕೌದಿಗಿಂತ ಒಳ್ಳೆಯದಿಲ್ಲ. ಆದರೆ ಅದರ ದಪ್ಪ ಅಂಚು ಬೆನ್ನಿನ ಕೆಳಗೆ ಬರದಿರಲಿ. ಕಂಬಳಿ ಮೈಗೆ ತಗಲುವಂತೆ ಬೇಡ. ಎಲ್ಲದರ ಮೇಲೆ ತೊಳೆದು ನುಣುಪಾದ ಹಳೆಯ ಹತ್ತಿ ಸೀರೆಯೊಂದನ್ನು ಸುಕ್ಕಿಲ್ಲದಂತೆ ಎಳೆದು ಹಾಸಿರಿ. ಮಲಗುವ ಮುನ್ನ ಹಾಸಿಗೆ ಝಾಡಿಸುವ ಸುನ್ನತ್ತನ್ನು ಅವರ ಪರವಾಗಿ ನೀವು ಮಾಡಿರಿ. ರೊಟ್ಟಿಯ ಒಂದು ಚೂರು ನಿಮಗೆ ಏನೂ ಅಲ್ಲ, ಹೊರಳಲಾರದವರ ಚರ್ಮಕ್ಕೆ ಅದು ರಾತ್ರಿಯೆಲ್ಲ ಒತ್ತುವ ಕಲ್ಲು.

ದಿಂಬುಗಳು ತಲೆಗೆ ಮಾತ್ರವಲ್ಲ. ಮಗ್ಗುಲಾಗಿ ಮಲಗುವವರ ಎರಡು ಮೊಣಕಾಲುಗಳ ನಡುವೆ ಒಂದು ದಿಂಬಿಟ್ಟರೆ ಮೇಲಿನ ಕಾಲು ಟೊಂಕವನ್ನು ಜಗ್ಗುವುದಿಲ್ಲ. ಬೆನ್ನ ಹಿಂದೆ ಸುತ್ತಿದ ಕೌದಿಯೋ ಲೋಡೋ ಇದ್ದರೆ ಒರಗಿಕೊಳ್ಳಲು ಆಸರೆ. ಅಂಗಾತ ಮಲಗುವವರ ಮೊಣಕಾಲಡಿ ತೆಳು ದಿಂಬಿಟ್ಟರೆ ಟೊಂಕ ಸಡಿಲವಾಗುತ್ತದೆ. ಆದರೆ ಮೊಣಕಾಲು ಸವೆದವರಿಗೆ ಹಗಲು ರಾತ್ರಿ ಹೀಗೇ ಇಟ್ಟರೆ ಕಾಲು ಮಡಿಚಿದಂತೆಯೇ ಬಿಗಿದುಕೊಳ್ಳುವುದುಂಟು, ಆಗಾಗ ತೆಗೆದು ಕಾಲು ನೀಡಿಸಬೇಕು. ನೆಲದ ಮೇಲಿನ ಹಾಸಿಗೆಯಿಂದ ಏಳುವುದೇ ಇವರಿಗೆ ದೊಡ್ಡ ಶಿಕ್ಷೆ. ಅಂಚಿಗೆ ಕುಳಿತಾಗ ಪಾದ ಪೂರ್ತಿ ನೆಲಕ್ಕೂರಿ, ಮೊಣಕಾಲು ಟೊಂಕಕ್ಕಿಂತ ಮೇಲೇಳದಷ್ಟು ಎತ್ತರದ ಗಟ್ಟಿ ಅಂಚಿನ ಮಂಚವಿರಲಿ. ನೀರು, ಕೋಲು, ದೀಪದ ಗುಂಡಿ ಕೈಗೆಟುಕುವಂತಿರಲಿ. ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತಿಯೇ ಇಡಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರ ಕಾಲಿಗೆ ಇಡಲೇಬೇಡಿ, ಸುಟ್ಟದ್ದೂ ಅವರಿಗೆ ತಿಳಿಯುವುದಿಲ್ಲ.

ತಾವಾಗಿ ಹೊರಳಲಾರದವರ ವಿಷಯ ಬೇರೆ. ಅವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ದಾದಿಯರಿಗೆ ಕಲಿಸುವ ಪಾಠ. ಜಗ್ಗಿ ಎಳೆಯಬಾರದು, ಕೆಳಗೆ ಹಾಸಿದ ಬಟ್ಟೆಯ ಸಮೇತ ಇಬ್ಬರು ಎತ್ತಿ ಹೊರಳಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಬೇಕು. ಹಿಮ್ಮಡಿ, ಟೊಂಕದ ಕೆಳಭಾಗ, ಸೊಂಟದ ಎಲುಬಿನ ಜಾಗಗಳನ್ನು ದಿನವೂ ನೋಡಿರಿ. ಕೆಂಪಾದ ಜಾಗ ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದಿದ್ದರೆ, ಕಪ್ಪು ಮೈಯವರಲ್ಲಾದರೆ ಆ ಜಾಗ ಬಿಸಿಯಾಗಿ ಗಡುಸಾಗಿದ್ದರೆ, ಹಾಸಿಗೆ ಹುಣ್ಣು ಆರಂಭವಾಯಿತೆಂದು ತಿಳಿಯಿರಿ. ಅದನ್ನು ಎಣ್ಣೆ ಹಚ್ಚಿ ತಿಕ್ಕಬಾರದು, ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಬಟ್ಟೆಯ ಸಿಂಬಿ ಮಾಡಿ ಇಡುವುದೂ ಬೇಡ, ಸುತ್ತಲಿನ ರಕ್ತಸಂಚಾರ ನಿಲ್ಲುತ್ತದೆ. ಆ ಮಗ್ಗುಲಿಗೆ ಭಾರ ಹಾಕದೆ ವೈದ್ಯರಿಗೆ ತೋರಿಸಿರಿ. ನೋವಿನ ಜೊತೆಗೆ ಜ್ವರ, ಮೈ ಇಳಿಯುವುದು ಕಂಡರೂ ತಡಮಾಡಬೇಡಿ. ಕಾಲಿನ ಶಕ್ತಿ ಕುಂದಿದರೆ ಅಥವಾ ಮಲಮೂತ್ರದ ಹತೋಟಿ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಅದು ಹಾಸಿಗೆಯಿಂದ ವಾಸಿಯಾಗುವ ನೋವಲ್ಲ.

ಬಲ ಮಗ್ಗುಲಲ್ಲಿ ಮಲಗುವುದು ಸುನ್ನತ್ ಎಂದು ಬಲ ಹೆಗಲು ನೋಯುವ ದಾದಿಯನ್ನು ಆ ಕಡೆಗೇ ಹೊರಳಿಸುವವರೂ ಇದ್ದಾರೆ. ಮೂಲವ್ಯಾಧಿಯಿದ್ದ ಹ. ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿವರ್ಯರು(ಸ) ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ನಮಾಝ್ ಮಾಡಲು ಹೇಳಿದ್ದು ಬುಖಾರಿಯಲ್ಲಿದೆ. ಫರ್ಝ್ ನಮಾಝಿನಲ್ಲೇ ಇಷ್ಟು ಸಡಿಲಿಕೆಯಿರುವಾಗ ನಿದ್ರೆಯಲ್ಲಿ ಬಲವಂತವೇಕೆ? ನಮ್ಮ ಕಡೆಯವರು ಬಹುತೇಕ ಹನಫಿಗಳು. ಆ ಮಝ್‌ಹಬ್‌ನಲ್ಲಿ ಕೂರಲಾರದವರು ಅಂಗಾತ ಮಲಗಿ, ಕಾಲು ಕಿಬ್ಲಾದ ಕಡೆಗಿದ್ದು, ಮುಖ ಕಿಬ್ಲಾಕ್ಕೆ ತಿರುಗುವಂತೆ ತಲೆಯಡಿ ದಿಂಬಿಟ್ಟು ನಮಾಝ್ ಮಾಡಬಹುದು. ಆಗುವುದಾದರೆ ಮೊಣಕಾಲು ಮಡಿಚಿಕೊಳ್ಳಬೇಕು. ಪಶ್ಚಿಮಕ್ಕೆ ಕಾಲು ಬಂತೆಂದು ಅಂಜಿ ನಮಾಝನ್ನೇ ಬಿಟ್ಟವರಿಗೆ ಇದನ್ನು ತಿಳಿಸಿರಿ. ಮಂಚ ಹಾಕುವಾಗಲೇ ದಿಕ್ಕು ನೋಡಿ ಹಾಕಿದರೆ ದಿನಕ್ಕೆ ಐದು ಸಲ ಆ ದೇಹವನ್ನು ತಿರುಗಿಸುವುದು ತಪ್ಪುತ್ತದೆ.

ಇದನ್ನೆಲ್ಲ ಅವರನ್ನು ಕೇಳಿ ಮಾಡಿರಿ. “ಅಮ್ಮಿ, ಹೀಂಗಿಟ್ರ ಹಗುರಾಗ್ತೈತೇನು, ಇಲ್ಲಾ ಇನ್ನಷ್ಟು ಕೆಳಗ ಸರಸ್ಲ್ಯಾ?” ಎಂದು ಕೇಳಿದರೆ ಮೊದಲ ಸಲ “ಇರ್ಲಿ ಬಿಡಪಾ” ಎಂದೇ ಅನ್ನುತ್ತಾರೆ. ಇನ್ನೊಮ್ಮೆ ಕೇಳಿರಿ. ದಿಂಬಿನ ಜಾಗ ಎರಡು ಬೆರಳಷ್ಟು ಬದಲಾದರೂ ಅವರಿಗೆ ತಿಳಿಯುತ್ತದೆ, ನಮಗೆ ತಿಳಿಯುವುದಿಲ್ಲ.

ಇನ್ನೊಂದು ಮಾತು ಗಂಡಸರಿಗೆ. ಹಾಸಿಗೆ ಹಿಡಿದ ಅತ್ತೆಯ ಸೇವೆಯೆಲ್ಲ ಸೊಸೆಯದೆಂದು ನಮ್ಮ ಮನೆಗಳಲ್ಲಿ ಹಂಚಿಕೆಯಾಗಿಬಿಟ್ಟಿದೆ. ಸೊಸೆ ಮಾಡುವುದು ಅವಳ ಔದಾರ್ಯ, ಅದಕ್ಕೆ ಅಲ್ಲಾಹನಲ್ಲಿ ಪ್ರತಿಫಲವಿದೆ. ಆದರೆ ತಾಯಿಯ ಹಕ್ಕು ಮೊದಲು ಇರುವುದು ಮಗನ ಮೇಲೆ. ರಾತ್ರಿ ಹನ್ನೊಂದಕ್ಕೆ ಒಬ್ಬರು ಹೊರಳಿಸಿದರೆ ಒಂದು ಗಂಟೆಗೂ ಮೂರು ಗಂಟೆಗೂ ಗಡಿಯಾರದ ಗಂಟೆ ಮಗನ ದಿಂಬಿನ ಹತ್ತಿರ ಬಾರಿಸಲಿ. ಮೂರಕ್ಕೆ ಎದ್ದವನಿಗೆ ಅಮ್ಮಿಯನ್ನು ಮಗ್ಗುಲು ಬದಲಿಸಿ, ವುಝೂ ಮಾಡಿ, ತಹಜ್ಜುದ್‌ಗೆ ನಿಲ್ಲಲೂ ಹೊತ್ತಿರುತ್ತದೆ.