ಸದ್ದು ಎಲ್ಲಿಂದ ಬಂತು? ಸರೌಂಡ್ ಧ್ವನಿಯ ಮೂಲಕ ಒಂದು ವಿಜ್ಞಾನ ಪಾಠ

ತರಗತಿ: 9 ವಿಷಯ: ವಿಜ್ಞಾನ ಘಟಕ: ಶಬ್ದ ಅವಧಿ: 2

ಶಬ್ದದ ವೇಗ ಎಷ್ಟೆಂದು ಕೇಳಿದರೆ ಮಕ್ಕಳು ಥಟ್ಟನೆ ಸಂಖ್ಯೆ ಹೇಳುತ್ತಾರೆ. ಅದರ ಉಪಯೋಗವೇನೆಂದರೆ ಗುಡುಗು-ಮಿಂಚಿನ ಲೆಕ್ಕಕ್ಕೆ ನಿಲ್ಲುತ್ತಾರೆ. ಅದೇ ಸಂಖ್ಯೆ ನಮ್ಮ ಎರಡು ಕಿವಿಗಳ ನಡುವೆಯೂ ಕೆಲಸ ಮಾಡುತ್ತದೆ ಎಂಬುದನ್ನು ತೋರಿಸಲು, ಚಿತ್ರಮಂದಿರದ ಸರೌಂಡ್ ಧ್ವನಿಯನ್ನು ಆಧಾರವಾಗಿಟ್ಟುಕೊಂಡು ಬೋಧನಾಭ್ಯಾಸದಲ್ಲಿ ಈ ಪಾಠವನ್ನು ಯೋಜಿಸಿದೆ.

ಚಟುವಟಿಕೆ 1: ಕಣ್ಣು ಕಟ್ಟಿ ಕೇಳುವುದು

ಒಬ್ಬರನ್ನು ನಡುವೆ ಕೂರಿಸಿ ಕಣ್ಣಿಗೆ ಬಟ್ಟೆ ಕಟ್ಟಿದೆವು. ಸುತ್ತ ನಿಂತವರು ಒಬ್ಬೊಬ್ಬರಾಗಿ ಚಿಟಿಕೆ ಹೊಡೆದರು. ಎಡ-ಬಲಗಳನ್ನು ಬಹುತೇಕರು ಸರಿಯಾಗಿ ತೋರಿಸಿದರು. ನೇರ ಮುಂದೆ, ನೇರ ಹಿಂದೆ ಬಂದಾಗ ತಡವರಿಸಿದರು. ಕಾರಣವನ್ನು ಕಪ್ಪುಹಲಗೆಯಲ್ಲಿ ಲೆಕ್ಕ ಹಾಕಿದೆವು. ಕಿವಿಗಳ ನಡುವೆ ಸುಮಾರು 0.2 ಮೀಟರ್, ವೇಗ ಸೆಕೆಂಡಿಗೆ 343 ಮೀಟರ್. ಪಕ್ಕದಿಂದ ಬಂದ ಸದ್ದು ದೂರದ ಕಿವಿಗೆ ಸುಮಾರು 0.0006 ಸೆಕೆಂಡ್ ತಡವಾಗಿ ತಲುಪುತ್ತದೆ. ತಲೆ ಅಡ್ಡವಾಗುವುದರಿಂದ ತುಸು ಕ್ಷೀಣವಾಗಿಯೂ ಇರುತ್ತದೆ. ಈ ಎರಡು ಸುಳಿವುಗಳನ್ನು ಲಾರ್ಡ್ ರೇಲಿ 1907ರಲ್ಲಿ ವಿವರಿಸಿದರು. ನೇರ ಮುಂದೆ ಅಥವಾ ಹಿಂದೆ ಸದ್ದಾದರೆ ಎರಡು ಕಿವಿಗಳ ನಡುವೆ ವ್ಯತ್ಯಾಸವೇ ಇರದು. ಗೊಂದಲ ಅಲ್ಲಿಂದ ಹುಟ್ಟುತ್ತದೆ.

ಒಬ್ಬ ವಿದ್ಯಾರ್ಥಿನಿ ಮಾತ್ರ ಯಾವ ಕಡೆ ಚಿಟಿಕೆ ಹೊಡೆದರೂ ಬಲಕ್ಕೇ ಬೆರಳು ತೋರಿಸಿದಳು. ತರಗತಿ ನಕ್ಕಿತು. ಕರೆದರೆ ಬೇರೆಲ್ಲೋ ನೋಡುತ್ತಾಳೆ, ಗಮನವಿಲ್ಲ ಎಂಬ ದೂರು ಅವಳ ಮೇಲೆ ಮೊದಲೇ ಇತ್ತು. ನಾನು ಏನನ್ನೂ ವಿವರಿಸದೆ, ಎಲ್ಲರೂ ಎಡಗಿವಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿಕೊಂಡು ಆಟ ಮುಂದುವರಿಸಲು ಹೇಳಿದೆ. ಈಗ ಹೆಚ್ಚಿನವರ ಬೆರಳೂ ಬಲಕ್ಕೇ ಹೋಯಿತು. ನಗು ತಾನಾಗಿ ನಿಂತಿತು. ಪಾಠ ಮುಗಿದ ಮೇಲೆ ತರಗತಿ ಶಿಕ್ಷಕಿಯವರಿಗೆ ಪ್ರತ್ಯೇಕವಾಗಿ ವಿಷಯ ತಿಳಿಸಿ, ಮನೆಯವರ ಮೂಲಕ ಕಿವಿ ಪರೀಕ್ಷೆ ಮಾಡಿಸುವಂತೆ ಕೋರಿದೆ. ಮರುದಿನದಿಂದ ಅವಳನ್ನು ಮುಂದಿನ ಸಾಲಿನ ಎಡತುದಿಯಲ್ಲಿ ಕೂರಿಸಿದರು. ಇಡೀ ತರಗತಿ ಅವಳ ಬಲಗಿವಿಯ ಕಡೆಗೆ ಬಂತು.

ಚಟುವಟಿಕೆ 2: ಇಲ್ಲದ ಜಾಗದಿಂದ ಸದ್ದು

ಎರಡು ಸ್ಪೀಕರ್‌ಗಳಲ್ಲಿ ಒಂದೇ ಧ್ವನಿಯನ್ನು ಸಮಪ್ರಮಾಣದಲ್ಲಿ ನುಡಿಸಿ, ಸಮಬಾಹು ತ್ರಿಭುಜದ ಮೂರನೆಯ ತುದಿಯಲ್ಲಿ ಮಕ್ಕಳನ್ನು ಸರದಿಯಂತೆ ಕೂರಿಸಿದೆ. ಧ್ವನಿ ನಡುವಿನ ಖಾಲಿ ಜಾಗದಿಂದ ಬಂದಂತೆ ಕೇಳಿಸಿತು. ಒಂದನ್ನು ತಗ್ಗಿಸಿದಾಗ ಇನ್ನೊಂದರ ಕಡೆ ಸರಿಯಿತು. ಕುರ್ಚಿಯನ್ನು ಒಂದು ಸ್ಪೀಕರ್‌ನತ್ತ ಎಳೆದಾಗಲೂ ಅತ್ತಲೇ ವಾಲಿತು. ಒಂದು ಮೀಟರ್ ಹತ್ತಿರವಾದರೆ ಸದ್ದು ಸುಮಾರು 0.003 ಸೆಕೆಂಡ್ ಮುಂಚೆ ತಲುಪುತ್ತದೆ. ಮೊದಲು ಬಂದುದರ ದಿಕ್ಕನ್ನೇ ಮಿದುಳು ನಂಬುತ್ತದೆ.

ಚಟುವಟಿಕೆ 3: ನೆಲದ ಮೇಲೆ 5.1

ಐದು ಸ್ಪೀಕರ್ ಬೇಕಿಲ್ಲ. ಸೀಮೆಸುಣ್ಣ, ಹಗ್ಗ, ರಟ್ಟಿನ ಕೋನಮಾಪಕ ಸಾಕು. ಹಗ್ಗದಿಂದ ವೃತ್ತ ಎಳೆದು, ಕೇಳುಗರ ನೇರ ಮುಂದೆ ಒಂದು, ಅದರ ಎಡ-ಬಲಕ್ಕೆ 30 ಡಿಗ್ರಿಯಲ್ಲಿ ಎರಡು, 110 ಡಿಗ್ರಿಯಲ್ಲಿ ಎರಡು ಗುರುತು ಹಾಕಿಸಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಜೋಡಣೆ ಇದೇ. ಎಲ್ಲವೂ ಸಮದೂರದಲ್ಲಿ ಏಕಿರಬೇಕೆಂಬುದಕ್ಕೆ ಮಕ್ಕಳೇ ಹಿಂದಿನ ಚಟುವಟಿಕೆಯಿಂದ ಉತ್ತರ ಕೊಟ್ಟರು. ನಡುವಿನ ಸ್ಪೀಕರ್ ಏಕೆ? ಪಕ್ಕದ ಆಸನದವರಿಗೂ ಸಂಭಾಷಣೆ ಪರದೆಯಿಂದಲೇ ಕೇಳಿಸಲೆಂದು. ‘.1’ ಎಂದರೆ ತಗ್ಗು ಧ್ವನಿಗಷ್ಟೇ ಮೀಸಲಾದ ವಾಹಿನಿ. 50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್. ಅದರ ಮುಂದೆ ತಲೆ ಬಲು ಚಿಕ್ಕದು, ದಿಕ್ಕು ಸುಲಭವಾಗಿ ತಿಳಿಯದು. ಆದ್ದರಿಂದ ಆ ಪೆಟ್ಟಿಗೆಯ ಸ್ಥಾನದಲ್ಲಿ ಅಷ್ಟು ಬಿಗಿಯಿಲ್ಲ.

ಮೌಲ್ಯಮಾಪನ

1. ಹಿಂದಿನ ಎಡ ಸ್ಪೀಕರ್ ಅನ್ನು ಗೋಡೆಯತ್ತ 1 ಮೀಟರ್ ಸರಿಸಿದರೆ ಅದರ ಸದ್ದು ಎಷ್ಟು ತಡವಾಗುತ್ತದೆ?
2. ಕಣ್ಣು ಕಟ್ಟಿದವರು ತಲೆ ತಿರುಗಿಸಿದರೆ ಮುಂದೆ-ಹಿಂದೆಯ ಗೊಂದಲ ಏಕೆ ಕಡಿಮೆಯಾಗುತ್ತದೆ?

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಚನೆ: ಮೊದಲ ಚಟುವಟಿಕೆಯ ಫಲಿತಾಂಶವನ್ನು ಹೆಸರುವಾರು ಬರೆದಿಟ್ಟುಕೊಳ್ಳಿ, ಆದರೆ ತರಗತಿಯಲ್ಲಿ ಓದಬೇಡಿ. ಅದು ಕಿವಿಯ ವೈದ್ಯಕೀಯ ಪರೀಕ್ಷೆಯಲ್ಲ. ಆದರೂ ಗಮನವಿಲ್ಲದ ಮಗು ಯಾವುದು, ಕೇಳಿಸದ ಮಗು ಯಾವುದು ಎಂದು ಇನ್ನೊಮ್ಮೆ ಯೋಚಿಸಲು ಅದು ಕಾರಣ ಕೊಡುತ್ತದೆ.