ಸಿ.ಟಿ. ನಾರ್ಮಲ್ ಬಂದ ಮೇಲೂ ಎಂ.ಆರ್.ಐ. ಏಕೆ?

ಪ್ರಶ್ನೆ: 64 ವರ್ಷದ ನಮ್ಮ ತಂದೆಯವರು ಕೈಕಾಲು ಸೆಳೆದು ಬಿದ್ದರು. ಎಚ್ಚರವಾದಾಗ ಬಲಗೈ ಎತ್ತಲಾಗಲಿಲ್ಲ. ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂದರೂ ಎಂ.ಆರ್.ಐ. ಮಾಡಿಸಿದರು. ಮರುದಿನ ಕೈ ಸರಿಹೋಯಿತು, ಸ್ಟ್ರೋಕ್ ಅಲ್ಲ, ಫಿಟ್ಸ್ ಎಂದರು. ಎರಡನೇ ಸ್ಕ್ಯಾನ್ ಬೇಕಿತ್ತೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಬೇಕಿತ್ತು. ಸಿ.ಟಿ. ಮೊದಲು ಮಾಡುವುದು ಮಿದುಳಿನಲ್ಲಿ ರಕ್ತಸ್ರಾವ ಆಗಿದೆಯೇ ಎಂದು ತಿಳಿಯಲು. ರಕ್ತನಾಳ ಕಟ್ಟಿಕೊಂಡು ಆದ ಸ್ಟ್ರೋಕ್ ಮೊದಲ ಕೆಲವು ಗಂಟೆ ಅದರಲ್ಲಿ ಕಾಣದೇ ಇರಬಹುದು. ಆದ್ದರಿಂದ ‘ನಾರ್ಮಲ್’ ವರದಿಯೊಂದರಿಂದಲೇ ಲಕ್ವ ಅಲ್ಲವೆನ್ನಲಾಗದು. ಇತ್ತ ಫಿಟ್ಸ್ ನಿಂತ ಮೇಲೂ ಕೈಕಾಲು ಸೋಲುವುದುಂಟು. ವೈದ್ಯ ರಾಬರ್ಟ್ ಬೆಂಟ್ಲಿ ಟಾಡ್ 1849ರಲ್ಲೇ ವಿವರಿಸಿದ ಈ ದೌರ್ಬಲ್ಯ ಸಾಮಾನ್ಯವಾಗಿ ಒಂದೂವರೆ ದಿನದೊಳಗೆ ತಾನಾಗಿ ಇಳಿಯುತ್ತದೆ. ‘ಹಾಗಾದರೆ ಮರುದಿನದವರೆಗೆ ಕಾದಿದ್ದರಾಗುತ್ತಿತ್ತಲ್ಲ’ ಎನ್ನಬಹುದು. ಕಾಯುವಂತಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೇ ಕೊಡಬೇಕು. ಸ್ಟ್ರೋಕ್ ಆಗಿದ್ದಿದ್ದರೆ ಮರುದಿನಕ್ಕೆ ಆ ಅವಕಾಶ ಕೈತಪ್ಪಿರುತ್ತಿತ್ತು.

ಎಂ.ಆರ್.ಐ.ನ ಡಿಫ್ಯೂಷನ್ ಚಿತ್ರ ಮಿದುಳಿನಲ್ಲಿ ನೀರಿನ ಅಣುಗಳ ಚಲನೆಯನ್ನು ತೋರಿಸುತ್ತದೆ. ಕಾಲುವೆ ಮುಚ್ಚಿದರೆ ಅದರ ಅಚ್ಚುಕಟ್ಟು ಮಾತ್ರ ಒಣಗುವಂತೆ, ಸ್ಟ್ರೋಕ್‌ನಲ್ಲಿ ಕಟ್ಟಿಕೊಂಡ ನಾಳಕ್ಕೆ ಸೇರಿದ ಭಾಗವಷ್ಟೇ ಬೆಳ್ಳಗೆ ಹೊಳೆಯುತ್ತದೆ. ಫಿಟ್ಸ್‌ನ ಗುರುತು ಆ ಎಲ್ಲೆಗೆ ನಿಲ್ಲದೆ ಮಿದುಳಿನ ಹೊರಪದರದುದ್ದಕ್ಕೆ ಹರಡಬಹುದು, ಒಳಭಾಗದ ಥಾಲಮಸ್‌ನಲ್ಲೂ ಕಾಣಬಹುದು, ಎಷ್ಟೋ ಸಲ ಏನೂ ಕಾಣುವುದಿಲ್ಲ. ರಕ್ತನಾಳ ತೆರೆದಿದೆಯೇ ಎಂಬುದನ್ನು ಆಂಜಿಯೋಗ್ರಾಮ್ ಹೇಳುತ್ತದೆ.

ಆದರೂ ಚಿತ್ರವೊಂದರಿಂದಲೇ ತೀರ್ಮಾನಿಸಬಾರದು ಎಂಬ ಆಕ್ಷೇಪ ನ್ಯಾಯವಾದುದು. ಸಣ್ಣ ಸ್ಟ್ರೋಕ್ ಎಂ.ಆರ್.ಐ.ಗೂ ತಪ್ಪಿಸಿಕೊಳ್ಳಬಲ್ಲದು. ಸ್ಟ್ರೋಕ್, ಫಿಟ್ಸ್ ಎರಡೂ ಒಟ್ಟಿಗೇ ಬರುವುದೂ ಉಂಟು. ಉದಾಹರಣೆಗೆ, ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ತಲೆನೋವಿನ ಜೊತೆ ಫಿಟ್ಸ್ ಬರಬಹುದು. ಬಾಣಂತಿಯರಲ್ಲಿ ಕಾಣುವ ಈ ಕಾಯಿಲೆಯನ್ನು ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಅದನ್ನು ಹುಡುಕಲು ಅಭಿಧಮನಿಗಳನ್ನು ತೋರಿಸುವ ವೆನೋಗ್ರಾಮ್ ಬೇಕು, ಮಾಮೂಲಿ ಸಿ.ಟಿ. ಸಾಲದು.

ಹೀಗಾಗಿ ಸ್ಕ್ಯಾನ್‌ನಷ್ಟೇ ಮುಖ್ಯವಾದದ್ದು ಕಣ್ಣಾರೆ ಕಂಡವರ ಮಾತು: ಸೆಳೆತ ಮೊದಲೋ ಸೋಲು ಮೊದಲೋ, ಯಾವ ಬದಿ, ಕೊನೆಯ ಬಾರಿ ಸರಿಯಿದ್ದದ್ದು ಎಷ್ಟು ಗಂಟೆಗೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡದೆ, ಬಾಯಿಗೆ ನೀರು ಹಾಕದೆ, ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆಮಾಡಿ. ಇನ್ನು ನಿಮ್ಮ ತಂದೆಯವರ ಮಾತು. ಈ ವಯಸ್ಸಿನಲ್ಲಿ ಮೊದಲ ಬಾರಿ ಬರುವ ಫಿಟ್ಸ್‌ಗೆ ಹಳೆಯ, ಗೊತ್ತೇ ಆಗದ ಸ್ಟ್ರೋಕ್ ಕಾರಣವಾಗಿರುವುದು ಅಪರೂಪವಲ್ಲ. ಎಂ.ಆರ್.ಐ.ನಲ್ಲಿ ಅಂಥ ಕಲೆಯಿದೆಯೇ ಎಂದು ನಿಮ್ಮ ನರರೋಗ ತಜ್ಞರನ್ನು ಕೇಳಿ, ಬಿ.ಪಿ., ಶುಗರ್ ಪರೀಕ್ಷೆ ಈ ವಾರವೇ ಆಗಲಿ.