ಒಮ್ಮೆ ಹೊಡೆಯುತ್ತೆ, ಒಮ್ಮೆ ಇಲ್ಲ: ಹಳೆ ಅಂಬಾಸಡರ್‌ನ ಸೆಲ್ಫ್ ತಪಾಸಣೆ

ಪೂರ್ತಿ ಕೆಟ್ಟುಹೋದ ಯಂತ್ರವನ್ನು ರಿಪೇರಿ ಮಾಡೋದು ಸುಲಭ. ಆಗಾಗ ಮಾತ್ರ ಕೆಡುವ ಯಂತ್ರದ್ದೇ ತಲೆನೋವು. ಬೆಳಿಗ್ಗೆ ಮನೆ ಮುಂದೆ ಒಂದೇ ಸಲಕ್ಕೆ ಸ್ಟಾರ್ಟ್ ಆದ ಗಾಡಿ, ಪೆಟ್ರೋಲ್ ಬಂಕಿನಲ್ಲಿ ಆಫ್ ಮಾಡಿ ಮತ್ತೆ ಕೀ ತಿರುಗಿಸಿದರೆ ‘ಟಕ್’ ಅಂದು ಸುಮ್ಮನಾಗುತ್ತದೆ. ನಾಲ್ಕು ಜನ ಸೇರಿ ಗ್ಯಾರೇಜಿನವರೆಗೆ ತಳ್ಳಿಕೊಂಡು ಹೋದರೆ ಅಲ್ಲಿ ಮೆಕ್ಯಾನಿಕ್ ಕೈ ಇಟ್ಟ ಕೂಡಲೇ ಸ್ಟಾರ್ಟ್! ಅವರು ನಮ್ಮ ಮುಖ ನೋಡ್ತಾರೆ, ನಾವು ಅವರ ಮುಖ ನೋಡ್ತೀವಿ. ಕೊನೆಗೆ ‘ಬ್ಯಾಟರಿ ಬದಲಾಯಿಸಿ ನೋಡೋಣ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ವಾರ ಕಳೆದ ಮೇಲೆ ಮತ್ತೆ ಅದೇ ‘ಟಕ್’.

ದುಡ್ಡು ಖರ್ಚು ಮಾಡುವ ಮೊದಲೇ ದೋಷ ಎಲ್ಲಿದೆ ಅಂತ ಹಿಡಿಯೋದು ಹೇಗೆ? ಅದಕ್ಕೆ ಬೇಕಾಗುವುದು ನಾವೆಲ್ಲ ಮೊದಲ ವರ್ಷದಲ್ಲೇ ಓದಿದ ಓಮ್‌ನ ನಿಯಮ, ಲ್ಯಾಬಿನಲ್ಲಿ ಸಿಗುವ ಒಂದು ಮಲ್ಟಿಮೀಟರ್, ಕೀ ತಿರುಗಿಸಲು ಒಬ್ಬ ಗೆಳೆಯ. ಉದಾಹರಣೆಗೆ ಅಂಬಾಸಡರ್ ತೆಗೆದುಕೊಂಡಿದ್ದೇವೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಈ ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ನಾವಿಲ್ಲಿ ಮಾತಾಡುತ್ತಿರುವುದು ಬಿಎಂಸಿಯ 1489 ಸಿಸಿ ಪೆಟ್ರೋಲ್ ಎಂಜಿನ್ ಇರುವ ಹಳೆಯ ಗಾಡಿಗಳ ಬಗ್ಗೆ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೂ ಸಿಗುತ್ತದೆ. ಕಲಿಯೋಕೆ ಇದಕ್ಕಿಂತ ಒಳ್ಳೆ ಗಾಡಿ ಇಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಕಿವಿಗೆ ಮೊದಲ ಕೆಲಸ

ಸೆಲ್ಫಿನ ದಾರಿ ತೀರಾ ಸರಳ. ಬ್ಯಾಟರಿಯಿಂದ ದಪ್ಪ ಕೇಬಲ್ ಸೊಲೆನಾಯ್ಡ್‌ಗೆ, ಅಲ್ಲಿಂದ ಇನ್ನೊಂದು ದಪ್ಪ ಕೇಬಲ್ ಮೋಟಾರಿಗೆ. ಕೀಯಿಂದ ಬರುವ ಸಣ್ಣ ವೈರು ಸೊಲೆನಾಯ್ಡನ್ನು ಎಳೆಯುತ್ತದೆ ಅಷ್ಟೆ. ಅದು ದೊಡ್ಡ ಕರೆಂಟಿನ ಸ್ವಿಚ್ಚು. ಮೋಟಾರಿನಿಂದ ಕರೆಂಟು ವಾಪಸ್ ಬರೋದು ಎಂಜಿನ್ ಬ್ಲಾಕ್, ಅರ್ಥ್ ಪಟ್ಟಿ, ಬಾಡಿ, ಬ್ಯಾಟರಿ ಈ ಹಾದಿಯಲ್ಲಿ. ವಾಪಸ್ ಬರುವ ಈ ಅರ್ಧವನ್ನೇ ಜನ ಮರೆತುಬಿಡ್ತಾರೆ.

ಗಾಡಿ ಕೈಕೊಟ್ಟ ಆ ಕ್ಷಣದಲ್ಲೇ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಏನೂ ಸದ್ದಿಲ್ಲ, ಲೈಟೂ ಮಂಕಾಗಲಿಲ್ಲ ಅಂದರೆ ದೊಡ್ಡ ಕರೆಂಟು ಹರಿಯಲೇ ಇಲ್ಲ. ಕೀ ಸ್ವಿಚ್ಚು, ಸಣ್ಣ ವೈರು, ಸೊಲೆನಾಯ್ಡ್ ನೋಡಬೇಕು. ‘ಟಕ್’ ಎಂದಿತು, ಆದರೂ ಲೈಟು ಹಾಗೇ ಉರಿಯುತ್ತಿದೆ ಅಂದರೆ ಸೊಲೆನಾಯ್ಡಿನ ಒಳಗಿನ ಕಾಂಟ್ಯಾಕ್ಟು ಸುಟ್ಟಿರಬಹುದು, ಮೋಟಾರಿನ ಬ್ರಷ್ ಸವೆದಿರಬಹುದು, ಎಂಜಿನ್ನಿನ ಅರ್ಥ್ ಹೋಗಿರಬಹುದು. ಲೈಟು ಪೂರ್ತಿ ಕುಗ್ಗಿತು ಅಂದರೆ ಬ್ಯಾಟರಿಗೆ ಜೀವವಿಲ್ಲ, ಅಥವಾ ಅದರ ಟರ್ಮಿನಲ್ ಸಡಿಲ, ಇಲ್ಲವೇ ಮೋಟಾರು ಸಿಕ್ಕಿಹಾಕಿಕೊಂಡಿದೆ. ‘ಗುಂಯ್’ ಅಂತ ಮೋಟಾರೊಂದೇ ತಿರುಗಿ ಎಂಜಿನ್ ಅಲುಗದಿದ್ದರೆ ಅದು ವಿದ್ಯುತ್ ದೋಷವೇ ಅಲ್ಲ. ಅದರ ಕಥೆ ಆಮೇಲೆ.

ಹಳೆಯ ಕೆಲವು ಲೂಕಾಸ್ ಸೊಲೆನಾಯ್ಡ್‌ಗಳ ಬುಡದಲ್ಲಿ ರಬ್ಬರ್ ಮುಚ್ಚಿದ ಒಂದು ಗುಂಡಿ ಇರುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಹಾಕಿದೆ ಎಂದು ಖಚಿತ ಮಾಡಿಕೊಂಡು ಅದನ್ನು ಒತ್ತಿ. ಕೀಗೆ ತಿರುಗದ ಸೆಲ್ಫ್ ಗುಂಡಿಗೆ ತಿರುಗಿದರೆ ದೊಡ್ಡ ದಾರಿ ಸರಿಯಿದೆ, ಸಣ್ಣ ದಾರಿಯಲ್ಲಿ ತೊಂದರೆ. ಅರ್ಧ ಗಾಡಿಯನ್ನು ಒಂದೇ ಬೆರಳಲ್ಲಿ ಅನುಮಾನದಿಂದ ಹೊರಗಿಟ್ಟ ಹಾಗಾಯ್ತು!

12.6 ವೋಲ್ಟ್ ಹೇಳುವ ಸುಳ್ಳು

ಎಲ್ಲರೂ ಮೊದಲು ಮಾಡೋದು ನಿಂತ ಗಾಡಿಯ ಬ್ಯಾಟರಿಗೆ ಮೀಟರ್ ಹಿಡಿಯೋದು. 12.6 ವೋಲ್ಟ್ ತೋರಿಸಿದರೆ ‘ಬ್ಯಾಟರಿ ಫಸ್ಟ್ ಕ್ಲಾಸ್’ ಅನ್ನುತ್ತಾರೆ. ಮೀಟರ್ ಎಳೆಯುವ ಕರೆಂಟು ಹೆಚ್ಚೂಕಡಿಮೆ ಸೊನ್ನೆ. ಕರೆಂಟೇ ಹರಿಯದಿದ್ದರೆ ಎಷ್ಟೇ ಕೆಟ್ಟ ಜೋಡಣೆಯಲ್ಲೂ ವೋಲ್ಟೇಜ್ ಬೀಳೋದಿಲ್ಲ. ಹಾಗಾಗಿ ಒಂದೇ ಒಂದು ಎಳೆ ತಂತಿ ಉಳಿದಿರುವ ಕೇಬಲ್ಲೂ ಮೀಟರಿನ ಕಣ್ಣಿಗೆ ಹೊಸದರಂತೆ ಕಾಣುತ್ತದೆ.

ಸೆಲ್ಫ್ ತಿರುಗುವಾಗ ಸುಮಾರು 150 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಆಗ ದಾರಿಯಲ್ಲೆಲ್ಲೋ 0.02 ಓಮ್ ಹೆಚ್ಚುವರಿ ತಡೆ ಇದ್ದರೆ ಬೀಳುವ ವೋಲ್ಟೇಜು 3. ಹನ್ನೆರಡರಲ್ಲಿ ಮೂರು ಹೋದರೆ ಉಳಿಯೋದೇನು! ಸೆಲ್ಫ್ ಮೋಟಾರು ಸೀರೀಸ್ ಮೋಟಾರು ಬೇರೆ. ಅದರ ಟಾರ್ಕು ಸ್ಥೂಲವಾಗಿ ಕರೆಂಟಿನ ವರ್ಗಕ್ಕೆ ಅನುಪಾತ. ಕರೆಂಟು ಶೇ. 20 ಇಳಿದರೆ 0.8ರ ವರ್ಗ 0.64, ಅಂದರೆ ಟಾರ್ಕು ಶೇ. 36ರಷ್ಟು ಮಾಯ.

ಹಾಗಾದರೆ ಓಮ್ ಮೋಡಿನಲ್ಲಿ ಆ 0.02 ಅಳೆಯಬಹುದಲ್ಲ ಅಂತ ನೀವು ಕೇಳಬಹುದು. ಆಗೋದಿಲ್ಲ. ಸಾಮಾನ್ಯ ಮೀಟರಿನ ಪ್ರೋಬ್ ವೈರುಗಳ ತಡೆಯೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ದಾರಿ ಒಂದೇ: ಗಾಡಿಯ ದೊಡ್ಡ ಕರೆಂಟನ್ನೇ ಹರಿಯಬಿಟ್ಟು, ಪ್ರತಿ ತುಂಡಿನ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆಯೋದು. ಇಇಇ ಓದುವವರಿಗೆ ಕೆಲ್ವಿನ್‌ನ ನಾಲ್ಕು ತಂತಿ ವಿಧಾನ ಗೊತ್ತಲ್ಲ, ತತ್ವ ಅದೇ.

ಇಗ್ನಿಷನ್ ಕಾಯಿಲಿನ ಸಣ್ಣ ವೈರು ಕಿತ್ತಿಡಿ, ಎಂಜಿನ್ ತಿರುಗಿದರೂ ಸ್ಟಾರ್ಟ್ ಆಗಬಾರದು. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಗೆಳೆಯ ಕೀ ತಿರುಗಿಸಲಿ, ಒಂದು ಸಲಕ್ಕೆ ಐದಾರು ಸೆಕೆಂಡು ಸಾಕು, ನಡುವೆ ಒಂದು ನಿಮಿಷ ಬಿಡುವು. ಮೊದಲು ಬ್ಯಾಟರಿಯ ಎರಡು ಸೀಸದ ಕಂಬಗಳ ನಡುವೆ ಅಳೆಯಿರಿ. ಕ್ಲ್ಯಾಂಪಿನ ಮೇಲಲ್ಲ, ಕಂಬದ ಮೇಲೆ. ತಿರುಗುವಾಗ 9.6ಕ್ಕಿಂತ ಕೆಳಗಿಳಿದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ. ಆಮೇಲೆ ಅರ್ಥ್ ಆಗದ ಕಂಬದಿಂದ ಮೋಟಾರಿನ ಟರ್ಮಿನಲ್‌ಗೆ, ಮೋಟಾರಿನ ಮೈಯಿಂದ ಅರ್ಥ್ ಕಂಬಕ್ಕೆ. ಎರಡೂ ಕಡೆ ಅರ್ಧ ವೋಲ್ಟಿನೊಳಗಿದ್ದರೆ ನಾವು ತೃಪ್ತರು.

ಒಂದು ಎಚ್ಚರಿಕೆ. ಆ ಕಾಲದ ಬ್ರಿಟಿಷ್ ಮಾದರಿಯ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರುವುದುಂಟು. ಬಾಡಿಗೆ ಯಾವ ಕಂಬ ಕಟ್ಟಿದೆ ಎಂದು ನೋಡದೆ ಕೇಬಲ್ ಮುಟ್ಟಬೇಡಿ. ತಮಾಷೆ ಏನೆಂದರೆ, ಬ್ಯಾಟರಿ ತಿರುವುಮುರುವಾದರೂ ಸೆಲ್ಫ್ ಮಾತ್ರ ಸರಿಯಾದ ದಿಕ್ಕಿಗೇ ತಿರುಗುತ್ತದೆ. ಯಾಕೆ ಅನ್ನೋದನ್ನ ವೈವಾದಲ್ಲಿ ಕೇಳಿದರೆ ಹೇಳಿ: ಫೀಲ್ಡೂ ಆರ್ಮೇಚರೂ ಒಟ್ಟಿಗೇ ಉಲ್ಟಾ ಆಗುತ್ತವೆ. ಡೈನಮೋ ಇಷ್ಟು ಸಹನೆಯದ್ದಲ್ಲ.

ನಮ್ಮ ಗೆಳೆಯನ ತಾತನ ಗಾಡಿಗೆ ಈ ಅಳತೆ ಮಾಡುವ ಹೊತ್ತಿಗೆ ಎರಡು ಬ್ಯಾಟರಿ, ಒಂದು ಸೊಲೆನಾಯ್ಡ್ ಬದಲಾಗಿದ್ದವು. ಮೋಟಾರು ಬಿಚ್ಚಿ ರೀವೈಂಡ್ ಮಾಡಿಸಿ ಎಂದೂ ಯಾರೋ ಹೇಳಿದ್ದರು. ‘ಇನ್ನು ಇದನ್ನ ಗುಜರಿಗೆ ಹಾಕೋದೇ ಸೈ’ ಅಂತ ತಾತ ಬೇಜಾರು ಮಾಡಿಕೊಂಡಿದ್ದರು. ತಣ್ಣಗಿದ್ದಾಗ ಅಳತೆಗಳೆಲ್ಲ ಚೆನ್ನಾಗಿಯೇ ಬಂದವು. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಅಳೆದೆವು. ಬ್ಯಾಟರಿ 10.6. ಹೋಗುವ ದಾರಿಯಲ್ಲಿ ನಷ್ಟ 0.4. ವಾಪಸ್ ದಾರಿಯಲ್ಲಿ 2.3! ಮೋಟಾರಿಗೆ ಸಿಗುತ್ತಿದ್ದದ್ದು 7.9 ವೋಲ್ಟ್ ಮಾತ್ರ. ವಾಪಸ್ ದಾರಿಯನ್ನು ಎರಡು ತುಂಡು ಮಾಡಿದೆವು: ಬಾಡಿಯಿಂದ ಬ್ಯಾಟರಿಗೆ 0.1, ಎಂಜಿನ್ನಿನಿಂದ ಬಾಡಿಗೆ 2.2.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಬಾಡಿಗೂ ಅದಕ್ಕೂ ಇರುವ ಭದ್ರವಾದ ವಿದ್ಯುತ್ ಸಂಬಂಧ ಒಂದು ಹೆಣೆದ ಪಟ್ಟಿ. ಆ ಪಟ್ಟಿಯ ಎಳೆಗಳು ಬೋಲ್ಟಿನ ಹತ್ತಿರ ತುಂಡಾಗಿದ್ದವು, ಉಳಿದವಕ್ಕೆ ಹಸಿರು ಕಿಲುಬು. ಎಂಜಿನ್ ಯಾವ ಕಡೆ ವಾಲಿ ನಿಂತಿದೆ, ಎಷ್ಟು ಬಿಸಿಯಾಗಿದೆ ಎಂಬುದರ ಮೇಲೆ ಎಳೆಗಳು ಒಂದಕ್ಕೊಂದು ತಾಗುತ್ತಿದ್ದವು ಅಥವಾ ಬಿಡುತ್ತಿದ್ದವು. ‘ಒಮ್ಮೆ ಹೌದು, ಒಮ್ಮೆ ಇಲ್ಲ’ ಆಗಿದ್ದು ಹೀಗೆ. ಸುಳಿವು ಇನ್ನೊಂದೂ ಇತ್ತು: ಸೆಲ್ಫ್ ಹೊಡೆದಾದ ಮೇಲೆ ಚೋಕ್ ಕೇಬಲ್ ಬೆಚ್ಚಗಾಗುತ್ತಿತ್ತು. ಪಟ್ಟಿಯಲ್ಲಿ ದಾರಿ ಸಿಗದ ಕರೆಂಟು ಎಂಜಿನ್ನಿಗೂ ಬಾಡಿಗೂ ತಾಗಿಕೊಂಡ ಆ ಸಣ್ಣ ಕೇಬಲ್ ಹಿಡಿದು ಹೋಗುತ್ತಿತ್ತು. ಹೀಗೆ ಕೇಬಲ್ ಕೆಂಪಗೆ ಕಾದು ಹೊಗೆಯಾಡುವುದೂ ಉಂಟು.

ಬಿಸಿಯಾದಾಗ ಮಾತ್ರ ಕೈಕೊಡುವ ಗಾಡಿಯಲ್ಲಿ ಸೊಲೆನಾಯ್ಡ್ ಕಾಯಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತಾಮ್ರದ ತಡೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.39 ಏರುತ್ತದೆ. 30 ಡಿಗ್ರಿಯಿಂದ 90ಕ್ಕೆ ಹೋದರೆ ಶೇ. 23ರಷ್ಟು. ಕೀ ಸ್ವಿಚ್ಚಿನಲ್ಲಿ ಮೊದಲೇ ಒಂದೆರಡು ವೋಲ್ಟ್ ನಷ್ಟವಿದ್ದರೆ ಕಾಯಿಲಿಗೆ ಎಳೆಯುವ ಶಕ್ತಿ ಸಾಲದು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಇದು ಪ್ರಸಿದ್ಧ ಕಾಯಿಲೆ: ಎಂಜಿನ್ ಹಿಂದೆ, ಕೀ ಮುಂದೆ, ನಡುವೆ ಉದ್ದದ ವೈರು. ಅಲ್ಲಿ ಮಧ್ಯೆ ಒಂದು ರಿಲೇ ಹಾಕಿ ವಾಸಿ ಮಾಡುತ್ತಾರೆ.

ಗುಂಯ್ ಅನ್ನುವ ಸೆಲ್ಫ್

ಈ ಎಂಜಿನ್ನಿನ ಹಳೆಯ ಲೂಕಾಸ್ ಮಾದರಿಯ ಮೋಟಾರಿನಲ್ಲಿ ಪಿನಿಯನ್ ಗೇರನ್ನು ಯಾವ ಲಿವರೂ ತಳ್ಳುವುದಿಲ್ಲ. ಮೋಟಾರು ಥಟ್ಟನೆ ತಿರುಗಿದಾಗ ಜಡತ್ವದಿಂದ ಹಿಂದುಳಿಯುವ ಪಿನಿಯನ್, ಸ್ಕ್ರೂ ಮೇಲಿನ ನಟ್ಟಿನ ಹಾಗೆ ಸರಿದು ಫ್ಲೈವೀಲಿನ ರಿಂಗ್ ಗೇರಿಗೆ ಕಚ್ಚಿಕೊಳ್ಳುತ್ತದೆ. ಆ ಸ್ಕ್ರೂಗೆ ಎಣ್ಣೆ ಹಾಕಿದರೆ ಕ್ಲಚ್ಚಿನ ಧೂಳು ಅಂಟಿ ಗಟ್ಟಿಯಾಗುತ್ತದೆ, ಪಿನಿಯನ್ ಸರಿಯೋದೇ ಇಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದರೆ ಸಾಕು. ಅತಿ ಕಾಳಜಿಯಿಂದ ಎಣ್ಣೆ ಹಾಕೋರೇ ಇದನ್ನು ಹೆಚ್ಚು ಕೆಡಿಸೋದು.

ರಿಂಗ್ ಗೇರ್ ಹಲ್ಲು ಸವೆದಿದ್ದರೂ ಇದೇ ಗುಂಯ್. ಇದು ಆಗಾಗ ಮಾತ್ರ ಕಾಡುವುದಕ್ಕೆ ಚೆಂದದ ಕಾರಣವಿದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ 180 ಡಿಗ್ರಿಗೆ ಒಂದು ಕಂಪ್ರೆಷನ್. ಆಫ್ ಮಾಡಿದಾಗ ಎಂಜಿನ್ ಆ ಗುಡ್ಡ ಹತ್ತಲಾರದೆ ಹೆಚ್ಚಾಗಿ ಎದುರುಬದುರಿನ ಎರಡೇ ಜಾಗದಲ್ಲಿ ನಿಲ್ಲುತ್ತದೆ. ವರ್ಷಗಟ್ಟಲೆ ಅದೇ ಹಲ್ಲುಗಳಿಗೆ ಪೆಟ್ಟು. ಅಲ್ಲಿ ನಿಂತರೆ ಕಚ್ಚಲ್ಲ, ಬೇರೆ ಕಡೆ ನಿಂತರೆ ಕಚ್ಚುತ್ತೆ. ಇಗ್ನಿಷನ್ ಆಫ್ ಇಟ್ಟು, ಟಾಪ್ ಗೇರ್ ಹಾಕಿ ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ ನ್ಯೂಟ್ರಲ್‌ಗೆ ತಂದು ಮತ್ತೆ ಹೊಡೆಯಿರಿ. ಈಗ ಕಚ್ಚಿದರೆ ಅನುಮಾನ ಹಲ್ಲಿನ ಮೇಲೆ. ಸದ್ದಿಲ್ಲದೆ ಸಿಕ್ಕಿಹಾಕಿಕೊಂಡ ಪಿನಿಯನ್ ಕೂಡ ಹೀಗೆ ಹಿಂದೆಮುಂದೆ ಅಲುಗಾಡಿಸಿದರೆ ಬಿಡುತ್ತದೆ, ಆದ್ದರಿಂದ ಅಲುಗಾಡಿಸುವ ಮೊದಲು ಯಾವ ಸದ್ದು ಬಂತು ಎಂದು ನೆನಪಿಡಿ.

ತಾತನ ಗಾಡಿಗೆ ಹೊಸ ಪಟ್ಟಿ ಹಾಕುವಾಗ ಬೋಲ್ಟ್ ಕೂರುವ ಜಾಗದ ಬಣ್ಣ, ತುಕ್ಕು ಎಲ್ಲ ಉಪ್ಪುಕಾಗದದಲ್ಲಿ ತಿಕ್ಕಿ ಲೋಹ ಹೊಳೆಯುವಂತೆ ಮಾಡಿ, ಬಿಗಿದ ಮೇಲೆ ಹೊರಗಡೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಬಿಸಿ ಎಂಜಿನ್ನಿನಲ್ಲಿ ಮತ್ತೆ ಅಳೆದಾಗ 2.2 ಇದ್ದ ಕಡೆ 0.1 ಬಂತು. ತಾರೀಖು ಸಮೇತ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಟ್ಟಿದ್ದೇವೆ. ಮುಂದಿನ ಸಲ ‘ಟಕ್’ ಅಂದರೆ ಹೋಲಿಸಿ ನೋಡಲು ಬೇಕಾಗುತ್ತದೆ.